ಸೀರಿಯಲ್ ನಾಯಕಿ ಪಗಾರ ಎಷ್ಟು?

(ಹುಬ್ಬಳ್ಳಿ, ದುರ್ಗದಬೈಲ್. ಸಂಜಿ ಗದ್ದಲ. ನಿರೂಪಕಿ ಕ್ಯಾಮೆರಾ ಮುಂದ.)

ನೀವು ದಿನಾ ನೋಡೋ ಸೀರಿಯಲ್ ನಾಯಕಿ ಪಗಾರ ಎಷ್ಟ್ರಿ? ಅಕಿ ಗಂಡನ ಹೆಸರು ಗೊತ್ತು, ಅತ್ತಿ ಹೆಸರು ಗೊತ್ತು, ಪಾಯಸದಾಗ ಯಾರು ಏನು ಬೆರೆಸಿದ್ರು ಅನ್ನೋದೂ ಗೊತ್ತು. ಬ್ಯಾಗ್ ಹಾಕ್ಕೊಂಡು ಆಫೀಸಿಗೆ ಹೊಂಡತಾಳ. ಅಲ್ಲಿ ಹೋಗಿ ಏನು ಮಾಡತಾಳ?

ಸೀರಿಯಲ್‌ನಾಗ ಹೆಣ್ಮಕ್ಕಳಿಗೆ ಜಾಗ ಇಲ್ಲ ಅಂತ ನಾ ಅನ್ನಂಗಿಲ್ಲ. ಕತಿ ನಡೆಸಾಕಿ ಅಕಿನ, ಕೆಡಸಾಕಿನೂ ಇನ್ನೊಬ್ಬ ಹೆಣ್ಮಗಳ. 1985ರಾಗ ಅಮೆರಿಕದ ಆಲಿಸನ್ ಬೆಕ್ಡೆಲ್ ತಮ್ಮ ಕಾಮಿಕ್ಸ್‌ನಾಗ ಒಂದು ಪರೀಕ್ಷಾ ಇಟ್ರು. ಕತಿಯೊಳಗ ಇಬ್ಬರು ಹೆಣ್ಮಕ್ಕಳು ಇರಬೇಕು, ಒಬ್ಬರ ಕೂಡ ಒಬ್ಬರು ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಇರಬಾರದು. ಮೊದಲನೇ ಎರಡರಾಗ ನಮ್ಮ ಸೀರಿಯಲ್ ಫಸ್ಟ್ ಕ್ಲಾಸ್. ಮೂರನೇದಕ್ಕ ನಪಾಸ್.

(ದೃಶ್ಯ: ಖಾಲಿ ಪಡಸಾಲಿ, ಮೆಟ್ಟಲು.)

ಬರಿಯಾವ್ರನ್ನಷ್ಟ ಬೈಬ್ಯಾಡ್ರಿ. ವಾರಕ್ಕ ಐದೋ ಆರೋ ಎಪಿಸೋಡ್ ಕೊಡಬೇಕು. ಬೆಂಗಳೂರಾಗ ಒಂದು ಮನಿ ಹಿಡದ್ರ ಪಡಸಾಲಿ, ಅಡಗಿಮನಿ, ಮೆಟ್ಟಲು ಎಲ್ಲಾ ಅಲ್ಲೇ. ಹೊರಗ ಹೋದ್ರ ಪರವಾನಗಿ, ಜನ, ಗಾಡಿ ಸಪ್ಪಳ, ಖರ್ಚು. ಒಬ್ಬಾಕಿ ಒಂದು ಮಾತಾಡಿದ್ರ ಆರು ಮಂದಿ ಮಾರಿ ಮ್ಯಾಲ ಕ್ಯಾಮೆರಾ ಓಡಸ್ತಾರ, ಅಷ್ಟೊತ್ತಿಗೆ ಬ್ರೇಕ್ ಬರತೈತಿ! ಗುರುವಾರ ಬಂತಂದ್ರ ಬಾರ್ಕ್ (ಟಿವಿ ನೋಡೋರ ಲೆಕ್ಕಾ ಹಾಕೋ ಸಂಸ್ಥಾ) ರೇಟಿಂಗ್. ನಾಯಕಿ ಕಣ್ಣೀರು ಹಾಕಿದ ವಾರ ಟಿಆರ್‌ಪಿ ಏರಿತು ಅಂದ್ರ ಮುಂದಿನ ವಾರ ಅಕಿಗೆ ನಗೂ ಯೋಗ ಇಲ್ಲ.

‘ಪುಟ್ಟಕ್ಕನ ಮಕ್ಕಳು’ 2021ರಾಗ ಬಂದಾಗ ನಮ್ಮ ಮನ್ಯಾಗೂ ರಿಮೋಟ್ ನಿಂತಿತ್ತು. ಉಮಾಶ್ರೀ ಮಾಡಿದ ಪುಟ್ಟಕ್ಕ ಮೆಸ್ ನಡಿಸಿ ಮೂರು ಹೆಣ್ಮಕ್ಕಳನ್ನ ಬೆಳಸಿದಾಕಿ. ಖಾನಾವಳಿ ನಡೆಸೋ ಹೆಣ್ಮಕ್ಕಳನ್ನ ಕಂಡ ನಮಗ ಅಕಿ ಹೊಸಬಾಕಿ ಅನಿಸಲಿಲ್ಲ. ಆದ್ರ ಕತಿ ಬೆಳದಂಗ ಮಕ್ಕಳ ಪ್ರೀತಿ, ಮದುವಿ ಮುಂದ ಬಂದ್ವು, ಮೆಸ್ಸಿನ ಲೆಕ್ಕಾ ಹಿಂದ ಸರೀತು. ಜ್ವಾಳದ ರೇಟ್ ಏರಿದಾಗ ಊಟದ ರೇಟ್ ಏರಸಬೇಕೋ ಬ್ಯಾಡೋ, ಉದ್ರಿ ಹೆಂಗ ವಸೂಲಿ ಮಾಡಬೇಕು? ನನಗ ಆ ಎಪಿಸೋಡ್ ಬೇಕಾಗಿತ್ತು.

ನೆಟ್‌ಫ್ಲಿಕ್ಸ್‌ನಂಥ ಓಟಿಟಿನೂ ಏನು ಪೂರಾ ಶುದ್ಧ ಅಲ್ಲ ಬಿಡ್ರಿ. ಎಷ್ಟೋ ಕ್ರೈಂ ಕತಿ ಚಾಲೂ ಆಗೂದ ಹೆಣ್ಣಿನ ಹೆಣದಿಂದ. ಆದ್ರ 2019ರ ‘ದೆಲ್ಲಿ ಕ್ರೈಂ’ ವೆಬ್ ಸರಣಿಯಾಗ ಶೆಫಾಲಿ ಶಾ ಮಾಡಿದ ಡಿಸಿಪಿ ನಿದ್ದಿಗೆಟ್ಟು ತನಿಖೆ ಮಾಡತಾಳ, ಮಂದಿಗೆ ಕೆಲಸಾ ಹಂಚತಾಳ. ಅದನ್ನ ನೋಡಕೋತ ಕುಂದ್ರಬಹುದು. 2020ರಾಗ ಅದಕ್ಕ ಇಂಟರ್‌ನ್ಯಾಷನಲ್ ಎಮ್ಮಿ ಅನ್ನೋ ಟಿವಿ ಪ್ರಶಸ್ತಿ ಬಂತು.

(ದೃಶ್ಯ: ಬೆಂಗೇರಿ, ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ.)

ಕೆಲಸದ ಕತಿಗೆ ದಿಲ್ಲಿಗೆ ಹೋಗಬೇಕಂತೇನಿಲ್ಲ. ನಮ್ಮ ಹುಬ್ಬಳ್ಳಿ ಬೆಂಗೇರಿಯೊಳಗಿನ ಈ ಖಾದಿ ಸಂಘ 1957ರಾಗ ಹುಟ್ಟಿದ್ದು. ರಾಷ್ಟ್ರಧ್ವಜ ಇಲ್ಲಿ ತಯಾರಾಗತೈತಿ, ದುಡಿಯಾವ್ರು ಬಹುತೇಕ ಹೆಣ್ಮಕ್ಕಳು. ಉದ್ದ ಅಗಲ 3:2, ಚಕ್ರಕ್ಕ 24 ಅರ, ನೂಲು, ಬಣ್ಣ, ಹೊಲಿಗಿ ಎಲ್ಲಾ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನಕಕ್ಕ ಹೊಂದಬೇಕು. ಹೊಂದಲಿಲ್ಲಂದ್ರ ನಡೆಯಂಗಿಲ್ಲ. ಇದಕ್ಕಿಂತ ಸಸ್ಪೆನ್ಸ್ ಬೇಕೇನ್ರಿ?

(ದೃಶ್ಯ: ಬ್ಯಾಡಗಿ, ಮೆಣಸಿನಕಾಯಿ ರಾಶಿ.)

ಹಾವೇರಿ ಜಿಲ್ಲಾ ಬ್ಯಾಡಗಿಗೆ ಬರ್ರಿ. ಹೆಣ್ಮಕ್ಕಳು ತಲಿಗೆ ಸೆರಗು ಸುತ್ತಿಕೊಂಡು, ರಾಶಿ ಮುಂದ ಕುಂತು ಮೆಣಸಿನಕಾಯಿ ತೊಟ್ಟು ಮುರೀತಾರ. ಬೆರಳಿನ ತುದಿ ಕೆಂಪಗ, ಸೀನು ನಿಲ್ಲಂಗಿಲ್ಲ, ಸಂಜಿಗೆ ಕೈ ಉರಿ. ಚಾನೆಲ್‌ನಾವ್ರಿಗೆ ಅತ್ತಿ-ಸೊಸಿ ಜಗಳಾ ಇರಲೇಬೇಕಂದ್ರ ಇಲ್ಲೇ ಇಬ್ಬರನ್ನೂ ಒಂದ ರಾಶಿ ಮುಂದ ಕುಂದ್ರಸ್ರಿ. ಮಗನ ಸಲುವಾಗಿ ಬ್ಯಾಡ, ತೊಟ್ಟು ಮುರಿದ ಕಾಯಿ ತೂಕದ ಸಲುವಾಗಿ ಜಗಳಾಡ್ಲಿ.