ಕೈಪಿಡಿಯ ಹಳೆಯ ಸಾಲುಗಳು

ಕೇಳುಗರಿಗೆ ನಮಸ್ಕಾರ.

ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿಸಿಕೊಂಡು ಕೊಡುವ ನೌಕರರ ಕೈಪಿಡಿಯನ್ನು ಆಮೇಲೆ ಯಾರೂ ತೆರೆಯುವುದಿಲ್ಲ. ತೆರೆಯುವುದು ತಕರಾರು ಎದ್ದಾಗ. ಆಗ ತಿದ್ದದೆ ಬಿಟ್ಟ ಸಾಲೇ ಆಡಳಿತದ ವಿರುದ್ಧ ಸಾಕ್ಷಿಯಾಗುತ್ತದೆ.

ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ನಿಮ್ಮ ಕೈಪಿಡಿ ಅದಕ್ಕಿಂತ ಹಳೆಯದಾದರೆ ಮೊದಲು ಕೆಲಸ ಬಿಡುವವರ ಅಧ್ಯಾಯ ನೋಡಿ. 'ಬಾಕಿ ಲೆಕ್ಕ 45 ದಿನಗಳಲ್ಲಿ ಚುಕ್ತಾ' ಎಂದಿದೆಯೇ? ರಾಜೀನಾಮೆಯಿರಲಿ, ವಜಾ ಇರಲಿ, ವೇತನ ಸಂಹಿತೆಯಂತೆ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು. ಸಾಲು ತಿದ್ದಿದರಷ್ಟೇ ಸಾಲದು. ಲ್ಯಾಪ್‌ಟಾಪ್ ವಾಪಸಾತಿ, ಬಾಕಿ ಏನೂ ಇಲ್ಲವೆಂಬ ವಿಭಾಗಗಳ 'ನೋ ಡ್ಯೂ' ಸಹಿ ಇವೆಲ್ಲ ಕೊನೆಯ ದಿನ ಕಳೆದ ಮೇಲೆ ಶುರುವಾಗುವುದರಿಂದಲೇ ತಡ. ಅವನ್ನು ನೋಟಿಸ್ ಅವಧಿಯ ಕೊನೆಯ ವಾರದಲ್ಲೇ ಮುಗಿಸಿ. ಇನ್ನೊಂದು: ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಒಂದು ವರ್ಷದ ಸೇವೆಗೇ ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡಿಗಂಟು, ಉಂಟು. 'ಎಲ್ಲರಿಗೂ ಐದು ವರ್ಷ' ಎಂಬ ಸಾಲು ತಪ್ಪು.

ಲೈಂಗಿಕ ಕಿರುಕುಳ ತಡೆಯ ಅಧ್ಯಾಯದಲ್ಲಿ ನಿಯಮಕ್ಕಿಂತ ಹೆಸರುಗಳೇ ಬೇಗ ಹಳತಾಗುತ್ತವೆ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ದೂರು ವಿಚಾರಿಸುವ ಆಂತರಿಕ ಸಮಿತಿ ಬೇಕು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರಿರಬೇಕು. ಸದಸ್ಯರ ಅವಧಿ ಮೂರು ವರ್ಷ ಮೀರುವಂತಿಲ್ಲ. ಸಮಿತಿಯ ಅಧ್ಯಕ್ಷೆ ಕಂಪನಿ ಬಿಟ್ಟಿರುತ್ತಾರೆ, ಕೈಪಿಡಿಯಲ್ಲಿ ಮಾತ್ರ ಅವರದೇ ಫೋನ್ ನಂಬರು. ನೊಂದ ಹೆಣ್ಣುಮಗಳು ಅಲ್ಲಿಗೆ ಕರೆ ಮಾಡಿ ಉತ್ತರ ಸಿಗದೆ ಕೂತರೆ, ದೂರು ಕೊಡಲು ಇರುವ ಮೂರು ತಿಂಗಳಲ್ಲಿ ದಿನಗಳು ಸರಿಯುತ್ತವೆ. ಇದಕ್ಕಿಂತ ದೊಡ್ಡ ಲೋಪ ಕೈಪಿಡಿಯಲ್ಲಿ ಬೇರೊಂದಿಲ್ಲ. ಹೆಸರುಗಳನ್ನು ಬೇರೆ ಹಾಳೆಯಲ್ಲಿಡಿ, ಅವಧಿ ಮುಗಿಯುವ ತಾರೀಖನ್ನು ಅದರಲ್ಲೇ ಬರೆಯಿರಿ.

ಕರ್ನಾಟಕದಲ್ಲಿ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೊಂದು ವೇತನಸಹಿತ ಮುಟ್ಟಿನ ರಜೆ ಕೊಡುವ ಆದೇಶ 2025ರ ನವೆಂಬರ್‌ನಲ್ಲಿ ಹೊರಬಿತ್ತು. ಅದು ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಇಂಥ ವಿಷಯವನ್ನೂ ಅನುಬಂಧದಲ್ಲಿಟ್ಟರೆ ನಿಯಮ ಬದಲಾದಾಗ ಒಂದು ಹಾಳೆ ಬದಲಿಸಿದರೆ ಸಾಕು.

ಇಷ್ಟನ್ನು ತಪ್ಪದೆ ನೋಡಿಕೊಳ್ಳಲು ನಾಲ್ಕು ಕಾಲಂಗಳ ಒಂದು ರಿಜಿಸ್ಟರ್ ಸಾಕು: ಕೈಪಿಡಿಯ ಕಲಂ, ಅದಕ್ಕೆ ಆಧಾರವಾದ ಕಾನೂನು, ಕೊನೆಯ ಬಾರಿ ಪರಿಶೀಲಿಸಿದ ದಿನ, ಹೊಣೆಗಾರರ ಹೆಸರು. ಮೂರು ತಿಂಗಳಿಗೊಮ್ಮೆ ಮೇಲಿನಿಂದ ಕೆಳಗೆ ಓದಿ. ಕಲಂ ತಿದ್ದಿದಾಗ ನೇಮಕಾತಿ ಪತ್ರವನ್ನೂ ಜೊತೆಗಿಟ್ಟು ನೋಡಿ. ಪತ್ರದಲ್ಲಿ ಒಂದು ತಿಂಗಳ ನೋಟಿಸ್, ಕೈಪಿಡಿಯಲ್ಲಿ ಎರಡು ಎಂದಿದ್ದರೆ ಜಗಳ ಅಲ್ಲೇ ಹುಟ್ಟುತ್ತದೆ.

ಕಾರ್ಮಿಕರ ರಜೆ, ಕೆಲಸದ ವೇಳೆ, ಭತ್ಯೆಗಳಲ್ಲಿ ಅವರಿಗೆ ನಷ್ಟವಾಗುವಂತೆ ಏನನ್ನಾದರೂ ಬದಲಿಸುವುದಾದರೆ ಹೊಸ ಪ್ರತಿ ಅಚ್ಚು ಹಾಕಿಸಿ ಹಂಚಿದರೆ ಮುಗಿಯಲಿಲ್ಲ. ಕೈಗಾರಿಕಾ ಸಂಬಂಧ ಸಂಹಿತೆಯ 40ನೇ ಕಲಂ ಪ್ರಕಾರ ನೋಟಿಸ್ ಕೊಟ್ಟು 21 ದಿನ ಕಾಯಬೇಕು. ನೋಟಿಸ್ ಕನ್ನಡದಲ್ಲೂ ಇರಲಿ. ತಾನು ಓದಲಾಗದ ಹಾಳೆಗೆ ಒಬ್ಬ ಸಹಿ ಹಾಕಿದ್ದಾನೆಂದರೆ ಆ ಸಹಿಗೆ ಬಲ ಕಡಿಮೆ.

ಹೊಸ ಆವೃತ್ತಿ ಬಂತೆಂದು ಹಳೆಯದನ್ನು ಎಸೆಯಬೇಡಿ. 2023ರ ಘಟನೆಯ ವಿಚಾರಣೆ ಇಂದು ನಡೆದರೂ, ಆ ದಿನ ಜಾರಿಯಲ್ಲಿದ್ದ ನಿಯಮ ಯಾವುದೆಂದು ತೋರಿಸಬೇಕಾಗುತ್ತದೆ. ಪ್ರತಿ ಆವೃತ್ತಿಯ ಒಂದು ಪ್ರತಿಯನ್ನು, ತಾರೀಖು ಹಾಕಿ, ಸಹಿ ಮಾಡಿದವರ ಪಟ್ಟಿಯೊಂದಿಗೆ ಕಡತದಲ್ಲಿಡಿ.

ನಮಸ್ಕಾರ.