ರೀವ್ಯಾಂಪ್ ಅನ್ನುವ ಪದದೊಳಗಿನ ಹಳೇ ಬೂಟು

ಇದು ಕಾಸರಗೋಡಿನ ಕಡೆ, ನೀರ್ಚಾಲಿನ ಹತ್ತಿರ ಇರುವ ನಮ್ಮ ಅಜ್ಜನ ಮನೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು. ಹೋದ ಮಳೆಗಾಲದಲ್ಲಿ ಚಾವಡಿಯೊಳಗೇ ಮೂರು ಬಾಲ್ದಿ ಇಡಬೇಕಾಗಿತ್ತು. ಅಂತೂ ಈ ವರ್ಷ ಕೆಲಸ ಶುರುವಾಗಿದೆ.

ಖರ್ಚಿನ ಅಂದಾಜು ಕೊಟ್ಟ ಇಂಜಿನಿಯರ್ ಕಾಗದದ ಮೇಲ್ಗಡೆ ‘ರೀವ್ಯಾಂಪ್’ ಅಂತ ಬರೆದಿದ್ದರು. ಅಮ್ಮ ಓದಿ, “ಹಾಗಂದ್ರೆ ಎಂತ?” ಅಂತ ಕೇಳಿದರು. ರಿಪೇರಿ ಅಂದುಬಿಟ್ಟೆ. ಆದರೆ ರಾತ್ರಿಯೆಲ್ಲ ಆ ಪದವೇ ತಲೆಯಲ್ಲಿ. ಸಿನಿಮಾದ ವ್ಯಾಂಪ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದು ವ್ಯಾಂಪೈರ್ ಅನ್ನುವುದರ ಮೋಟು ರೂಪ.

ನಮ್ಮ ಪದ ಬಂದದ್ದು ಕಾಲಿನಿಂದ! ಹಳೇ ಫ್ರೆಂಚಿನಲ್ಲಿ ‘ಅವಾಂ’ ಅಂದರೆ ಮುಂದೆ, ‘ಪಿಯೆ’ ಅಂದರೆ ಪಾದ. ಎರಡೂ ಸೇರಿ, ಇಂಗ್ಲಿಷಿಗೆ ಬರುವಾಗ ಸವೆದು ‘ವ್ಯಾಂಪ್’ ಆಯಿತು. ಮೊದಲು ಕಾಲುಚೀಲದ ಪಾದದ ಭಾಗಕ್ಕೆ, ಆಮೇಲೆ ಬೂಟಿನಲ್ಲಿ ಪಾದದ ಮೇಲೆ ಕೂರುವ ಮುಂಭಾಗದ ತೊಗಲಿಗೆ ಆ ಹೆಸರು. ಆ ತೊಗಲು ಹರಿದರೆ ಬೂಟು ಎಸೆಯುತ್ತಿರಲಿಲ್ಲ. ಹೊಸ ತೊಗಲು ಹಾಕಿ ಹೊಲಿಯುತ್ತಿದ್ದರು. 16ನೇ ಶತಮಾನದ ಕೊನೆಗೆ ಆ ಕೆಲಸಕ್ಕೇ ವ್ಯಾಂಪ್ ಮಾಡುವುದು ಅನ್ನತೊಡಗಿದರು. ಮುಂದೆ ‘ರೀ’ ಸೇರಿದ್ದು 19ನೇ ಶತಮಾನದಲ್ಲಿ.

ನಮ್ಮ ಮೇಸ್ತ್ರಿ ಮಲಯಾಳಂನಲ್ಲಿ “ಪುದುಕ್ಕಿ ಪಣಿಯಾಂ” ಅನ್ನುತ್ತಾರೆ. ಆ ‘ಪುದು’ ನಮ್ಮ ‘ಹೊಸ’ದ ಒಡಹುಟ್ಟು. ತುಳುವಿನಲ್ಲಿ ಇವತ್ತಿಗೂ ಪೊಸ, ಹಳಗನ್ನಡದಲ್ಲೂ ಪೊಸ. ರೆನೊವೇಟ್ ಪದದೊಳಗೂ ಲ್ಯಾಟಿನ್ನಿನ ‘ಹೊಸತು’ ಕೂತಿದೆ. ನಮ್ಮ ಮಧೂರು ದೇವಸ್ಥಾನದಲ್ಲಿ ಆದದ್ದು ಜೀರ್ಣೋದ್ಧಾರ: ಸವೆದದ್ದನ್ನು ಮೇಲೆತ್ತುವುದು. ಎಷ್ಟು ಚಂದದ ಮಾತು ಅಲ್ವಾ? ಆದರೂ ನನ್ನ ಮನೆಗೆ ಬೂಟಿನ ಪದವೇ ಹೆಚ್ಚು ಸರಿ ಅನ್ನಿಸುತ್ತದೆ. ಅದರಲ್ಲಿ ಹಳೇ ಅಟ್ಟೆ ಹಾಗೇ ಉಳಿಯುತ್ತದೆ.

ಎಲ್ಲ ಕೆಡವಿ ಕಾಂಕ್ರೀಟ್ ಹಾಕಿ ಅಂತ ಹೇಳಿದವರು ಜಾಸ್ತಿ. ನಾವು ಒಪ್ಪಲಿಲ್ಲ. ಗೋಡೆ ಗಟ್ಟಿ ಇದೆ. ನೋಡಿ, ಮಾಡು ಹೊತ್ತಿರುವ ಹಲಸಿನ ಮರದ ಈ ಓರೆ ತೊಲೆಗಳಿಗೆ, ಅಂದರೆ ಪಕ್ಕಾಸುಗಳಿಗೆ, ಏನೂ ಆಗಿಲ್ಲ. ಗೆದ್ದಲು ಹಿಡಿದ ನಾಲ್ಕನ್ನು ಮಾತ್ರ ಬದಲಿಸಿದ್ದೇವೆ. ಅವುಗಳ ಮೇಲೆ ಹಂಚು ಕೂರಿಸುವ ಅಡ್ಡಪಟ್ಟಿಗಳು, ರೀಪುಗಳು, ಪೂರ್ತಿ ಹೊಸವು. ಒಡೆಯದ ಹಂಚುಗಳನ್ನು ಅಮ್ಮ ಮತ್ತು ನಾನು ಒಂದೊಂದಾಗಿ ತೊಳೆದು, ಪಾಚಿ ಉಜ್ಜಿ, ಅಂಗಳದಲ್ಲಿ ಒಣಗಿಸಿದೆವು.

ಇದು ಜಗಲಿಯ ಮೆಟ್ಟಿಲುಕಲ್ಲು. ನಡುವೆ ಸವೆದು ಗುಂಡಿ ಬಿದ್ದಿದೆ. ಅಜ್ಜ ದಿನಾ ತೋಟದಿಂದ ಬಂದು ಕಾಲಿಡುತ್ತಿದ್ದದ್ದು ಇಲ್ಲೇ. ಮೇಸ್ತ್ರಿ ಇದನ್ನೂ ಕಿತ್ತು ಬೇರೆ ಹಾಕಲಾ ಅಂತ ಕೇಳಿದರು.

“ಅದು ಅಲ್ಲೇ ಇರಲಿ” ಅಂದರು ಅಮ್ಮ.