ಮೊದಲ ಮಣಿ ಎತ್ತುವ ಮುನ್ನ

ಚಿಕ್ಕಬಳ್ಳಾಪುರ ಜಿಲ್ಲೆಯ ಕೇಳುಗರಿಗೆ ನಮಸ್ಕಾರ. ತಲೆಗೆ ಪೆಟ್ಟು ಬಿದ್ದವರನ್ನೋ ಪಾರ್ಶ್ವವಾಯು ಆದವರನ್ನೋ ನನ್ನಲ್ಲಿಗೆ ಮಿದುಳಿನ ಕೆಲಸದ ಪರೀಕ್ಷೆಗೆ ಕರೆತರುವ ಮನೆಯವರು ನನ್ನ ಮೇಜಿನ ಮೇಲಿನ ಬಣ್ಣದ ಮಣಿಗಳನ್ನು ಕಂಡು, ಇದು ಮಕ್ಕಳ ಆಟವೆಂದು ಭಾವಿಸುತ್ತಾರೆ. ಅದು ಬ್ರಿಟನ್ನಿನ ಮನೋವಿಜ್ಞಾನಿ ಟಿಮ್ ಶಾಲಿಸ್ 1982ರಲ್ಲಿ ಪ್ರಕಟಿಸಿದ ‘ಟವರ್ ಆಫ್ ಲಂಡನ್’ ಪರೀಕ್ಷೆ. ಎತ್ತರದಲ್ಲಿ ಭಿನ್ನವಾದ ಮೂರು ಕಡ್ಡಿಗಳಲ್ಲಿ ಒಂದು ಮೂರು ಮಣಿಗಳನ್ನು, ಇನ್ನೊಂದು ಎರಡನ್ನು, ಮತ್ತೊಂದು ಒಂದನ್ನು ಮಾತ್ರ ಹಿಡಿಯುತ್ತದೆ. ಸಲಕ್ಕೆ ಒಂದೇ ಮಣಿಯನ್ನು ಸರಿಸುತ್ತ, ಆದಷ್ಟು ಕಡಿಮೆ ನಡೆಗಳಲ್ಲಿ, ತೋರಿಸಿದ ಮಾದರಿಯಂತೆ ಜೋಡಿಸಬೇಕು. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ಯೋಜನೆಯ ಕೆಲಸವನ್ನು ಹೇಗೆ ನಡೆಸುತ್ತಿದೆ ಎಂಬುದನ್ನು ನಾವು ಇದರಲ್ಲಿ ನೋಡುತ್ತೇವೆ.

ನಾನು ಹೇಳಬೇಕಾದದ್ದು ಒಂದೇ. ಮೊದಲ ಮಣಿಯನ್ನು ಎತ್ತುವ ಮುನ್ನ ಸುಮ್ಮನೆ ಕುಳಿತ ಹೊತ್ತು ದಡ್ಡತನದ ಗುರುತಲ್ಲ.

ಶಿಡ್ಲಘಟ್ಟದ ಕಡೆಯಿಂದ, ಶಾಲೆಯ ಮುಖ ಕಾಣದ, ರೇಷ್ಮೆಹುಳು ಸಾಕುವ ಹಿರಿಯ ಹೆಣ್ಣುಮಗಳೊಬ್ಬರು ಬಂದಿದ್ದರು. ಮಾದರಿಯನ್ನು ತೋರಿಸಿದರೆ ಮಡಿಲಿನಿಂದ ಕೈ ಎತ್ತಲೇ ಇಲ್ಲ. ಬಾಗಿಲಲ್ಲಿ ನಿಂತ ಮಗ “ಬೇಗ ಮಾಡಮ್ಮ” ಎನ್ನುತ್ತಲೇ ಇದ್ದುದರಿಂದ ಆ ಮಗನನ್ನು ಹೊರಗೆ ಕಳುಹಿಸಬೇಕಾಯಿತು. ಆಮೇಲೆ ಆಕೆ, ನೇರವಾಗಿ ತನ್ನ ಜಾಗಕ್ಕೇ ಹೋಗಬಹುದಾಗಿದ್ದ ಕೆಂಪು ಮಣಿಯನ್ನು ಬೇಕೆಂದೇ ಬೇರೆ ಕಡ್ಡಿಗೆ ಹಾಕಿ, ಎಲ್ಲಿಯೂ ತಡೆಯದೆ, ಒಂದು ನಡೆಯೂ ಹೆಚ್ಚಾಗದಂತೆ ಮುಗಿಸಿದರು. ಕಾರಣ ಕೇಳಿದೆ. “ಕೆಂಪು ಮೊದ್ಲೇ ಅಲ್ಲಿ ಕೂತ್ರೆ ಹಸಿರು ಅದರ ಕೆಳಗೆ ಹೆಂಗೆ ಹೋಗ್ತದೆ ಡಾಕ್ಟ್ರೇ?” ಎಂದರು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳುಗಳಿಗೆ ಎಷ್ಟು ಸೊಪ್ಪು ಬೇಕಾದೀತು, ಅವು ಹಣ್ಣಾಗುವ ಹೊತ್ತಿಗೆ ಗೂಡು ಕಟ್ಟಲು ಎಷ್ಟು ಚಂದ್ರಿಕೆ ತಟ್ಟೆಗಳು ಸಿದ್ಧವಿರಬೇಕು ಎಂದು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಬಾಳಿದವರು ಅವರು. ಆ ಮೌನದಲ್ಲಿ ನಡೆದದ್ದೂ ಅದೇ ಲೆಕ್ಕ.

ಇದಕ್ಕೆ ತದ್ವಿರುದ್ಧವಾಗಿ, ಮಾತು ಮತ್ತು ನೆನಪು ಚೆನ್ನಾಗಿಯೇ ಇದ್ದು, ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರು ಮಾದರಿಯನ್ನು ಕಂಡೊಡನೆ ಮಣಿಗೆ ಕೈ ಹಾಕಿ, ಹಾಕಿದ್ದನ್ನೇ ಮತ್ತೆ ಮತ್ತೆ ತೆಗೆಯುತ್ತಾರೆ. ಮನೆಯವರಿಗೆ ಚುರುಕಾಗಿ ಕಾಣುವುದು ಆ ಕೈಯೇ! ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಮೊದಲ ನಡೆಗೆ ಮುಂಚಿನ ಹೊತ್ತನ್ನು ದಯವಿಟ್ಟು ಕಸಿದುಕೊಳ್ಳಬೇಡಿ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಓದಿದವರನ್ನೂ ಓದದವರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ವಯಸ್ಸು, ವಿದ್ಯಾಭ್ಯಾಸ, ಲಿಂಗಗಳಿಗೆ ತಕ್ಕಂತೆ ಪ್ರತ್ಯೇಕ ಮಾನದಂಡಗಳಿವೆ. ಪರೀಕ್ಷೆಗೆ ಬರುವಾಗ ಕನ್ನಡಕವನ್ನು ಮರೆಯದೆ ತನ್ನಿ. ಪೆಟ್ಟಾಗುವ ಮುಂಚೆ ಅವರು ಹೊಲ, ಸಂತೆ, ಮನೆಯ ಖರ್ಚುಗಳನ್ನು ಹೇಗೆ ನಿಭಾಯಿಸುತ್ತಿದ್ದರು ಎಂಬುದನ್ನು ನಮಗೆ ವಿವರವಾಗಿ ತಿಳಿಸಿ, ಆಮೇಲೆ ಹೊರಗೆ ಕುಳಿತಿರಿ.